ಐಟಿ ರಿಟರ್ನ್ಸ್ ಹಾಕಿದ್ರೆ ರೇಷನ್ ಕಾರ್ಡ್ ಹೋಗುತ್ತಾ? ಗೃಹಲಕ್ಷ್ಮಿ ನಿಲ್ಲುತ್ತಾ? ಎರಡಕ್ಕೂ ರೂಲ್ಸ್ ಬೇರೆ ಬೇರೆ

ದಾವಣಗೆರೆ: 2025ರಲ್ಲಿ ಐಟಿ ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನ ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಹೋಗಿತ್ತು. ಆಡಿಟರ್ ಆಫೀಸುಗಳಲ್ಲಿ ಜನ ತುಂಬಿದ್ದರು. ಆದರೆ ಅಲ್ಲಿ ಕೇಳಿಬರುತ್ತಿದ್ದ ಪ್ರಶ್ನೆ ಟ್ಯಾಕ್ಸ್ ಎಷ್ಟು ಬೀಳುತ್ತೆ ಅನ್ನೋದಲ್ಲ. ರಿಟರ್ನ್ಸ್ ಹಾಕಿದ್ರೆ ಬಿಪಿಎಲ್ ಕಾರ್ಡ್ ಹೋಗುತ್ತಾ, ಹೆಂಡತಿಗೆ ಬರೋ 2 ಸಾವಿರ ನಿಲ್ಲುತ್ತಾ ಅನ್ನೋದು.

ಭಯಕ್ಕೆ ಕಾರಣ ಇದೆ. 2024ರ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಬಿಪಿಎಲ್ ಕಾರ್ಡುಗಳು ಇದ್ದಕ್ಕಿದ್ದಂತೆ ಎಪಿಎಲ್ ಆಗಿ ಬದಲಾದವು. ರೇಷನ್ ಅಂಗಡಿ ಮುಂದೆ ಹೋಗಿ ಹೆಬ್ಬೆಟ್ಟು ಒತ್ತಿದಾಗಲೇ ಎಷ್ಟೋ ಜನಕ್ಕೆ ವಿಷಯ ಗೊತ್ತಾಗಿದ್ದು. ಗಲಾಟೆ ಜೋರಾದ ಮೇಲೆ ಸರ್ಕಾರ ಹಿಂದೆ ಸರಿಯಿತು. ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡುತ್ತೇವೆ ಎಂದಿತು. ಆ ಮಾತಿನ ಅರ್ಧ ಜನರ ತಲೆಯಲ್ಲಿ ಉಳಿದುಕೊಂಡಿದೆ: ಐಟಿ ಅಂದ್ರೆ ಕಾರ್ಡ್ ಕಟ್.

ಇಲ್ಲಿ ಎರಡು ವಿಷಯ ಕಲಸಿಹೋಗಿವೆ. ಬಿಪಿಎಲ್ ಕಾರ್ಡ್ ಆಹಾರ ಇಲಾಖೆಯದ್ದು. ಅದು ಇಡೀ ಕುಟುಂಬದ ಆದಾಯ ನೋಡುತ್ತದೆ, ಮಿತಿ ವರ್ಷಕ್ಕೆ 1.20 ಲಕ್ಷ ರೂಪಾಯಿ. ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದ್ದು. ಅದಕ್ಕೆ ಅಂತ್ಯೋದಯ, ಬಿಪಿಎಲ್, ಎಪಿಎಲ್ ಮೂರೂ ಕಾರ್ಡಿನವರು ಅರ್ಹರು. ಅದರ ಷರತ್ತು ಒಂದೇ: ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿರಬಾರದು, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿರಬಾರದು. ಅಂದರೆ ಬಿಪಿಎಲ್ ಹೋಗಿ ಎಪಿಎಲ್ ಆದ ಮಾತ್ರಕ್ಕೆ ಗೃಹಲಕ್ಷ್ಮಿ ನಿಲ್ಲಬೇಕಾಗಿಲ್ಲ. ಈ ಒಂದು ಸಾಲನ್ನು ರೇಷನ್ ಅಂಗಡಿ ಗೋಡೆಗೆ ಅಂಟಿಸಿದ್ದರೆ ಅರ್ಧ ಗೊಂದಲ ಕಡಿಮೆ ಆಗ್ತಿತ್ತು.

ಮಗನಿಗೆ ಕೆಲಸ ಸಿಕ್ಕಿದ ಮನೆ

ಉದಾಹರಣೆಗೆ ಜಗಳೂರು ಕಡೆಯ ಒಂದು ಮನೆ ಅಂದುಕೊಳ್ಳಿ. ಮೂರು ಎಕರೆ ಖುಷ್ಕಿ, ಮೆಕ್ಕೆಜೋಳ. ಗಂಡ ಹೆಂಡತಿ ಕೂಲಿಗೂ ಹೋಗ್ತಾರೆ. ಮಗ ಡಿಪ್ಲೊಮಾ ಮುಗಿಸಿ ಬೆಂಗಳೂರಲ್ಲಿ 22 ಸಾವಿರಕ್ಕೆ ಸೇರಿದ. ವರ್ಷಕ್ಕೆ 2.64 ಲಕ್ಷ. ಇದಕ್ಕೆ ಒಂದು ರೂಪಾಯಿ ತೆರಿಗೆ ಇಲ್ಲ. ರಿಟರ್ನ್ಸ್ ಹಾಕಲೇಬೇಕು ಅಂತಲೂ ಇಲ್ಲ. ಆದರೆ ಮುಂದೆ ಬೈಕ್ ಲೋನ್ ಬೇಕು, ಹಾಕಿಡು ಅಂತ ಜೊತೆಯವರು ಹೇಳ್ತಾರೆ, ಹಾಕ್ತಾನೆ.

ಅವನ ಹೆಸರು ಊರಿನ ರೇಷನ್ ಕಾರ್ಡಿನಲ್ಲೇ ಇದೆ. ಹಾಗಾಗಿ ಅವನ ಸಂಬಳ ಸೇರಿದ ದಿನವೇ ಆ ಕುಟುಂಬ 1.20 ಲಕ್ಷದ ಗೆರೆ ದಾಟಿತು. ರಿಟರ್ನ್ಸ್ ಹಾಕಿದ್ದು ಅದನ್ನು ಕಂಪ್ಯೂಟರಿಗೆ ತೋರಿಸಿತು, ಅಷ್ಟೇ. ರಿಟರ್ನ್ಸ್ ಹಾಕದಿದ್ದರೆ ಬಚಾವ್ ಎಂಬ ಲೆಕ್ಕ ಬಹಳ ದಿನ ನಡೆಯಲ್ಲ. ಪ್ಯಾನ್, ಆಧಾರ್ ಲಿಂಕ್ ಆಗಿವೆ, ರೇಷನ್ ಕಾರ್ಡಿಗೂ ಆಧಾರ್ ಇದೆ.

ಆದರೆ ತಾಯಿಯ ಗೃಹಲಕ್ಷ್ಮಿಗೆ ಮಗನ ರಿಟರ್ನ್ಸ್ ಅಡ್ಡ ಬರಬಾರದು. ನಿಯಮದಲ್ಲಿ ಇರೋದು ಯಜಮಾನಿ ಮತ್ತು ಗಂಡ ಮಾತ್ರ. ಮಗನ ಸಂಬಳದ ಕಾರಣಕ್ಕೆ ನಿಂತಿದ್ದರೆ ಸಿಡಿಪಿಒ ಕಚೇರಿಯಲ್ಲಿ ಕೇಳುವ ಹಕ್ಕು ಆಕೆಗಿದೆ. ಕಷ್ಟ ಏನೆಂದರೆ, ಗೃಹಲಕ್ಷ್ಮಿ ಕಂತು ತಡವಾಗೋದು ಮಾಮೂಲಿ ಆಗಿಬಿಟ್ಟಿದೆ. ತಡ ಆಗಿದೆಯೋ, ಹೆಸರೇ ಹೋಗಿದೆಯೋ ಅಂತ ಮೂರ್ನಾಲ್ಕು ತಿಂಗಳು ಗೊತ್ತೇ ಆಗಲ್ಲ.

ಇನ್ನು 1.20 ಲಕ್ಷ ಎಂಬ ಮಿತಿಯನ್ನೇ ನೋಡಿ. 2025ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ದರದಲ್ಲಿ ಗಂಡ ಹೆಂಡತಿ ಇಬ್ಬರೂ ವರ್ಷಕ್ಕೆ 163 ದಿನ ಕೆಲಸ ಮಾಡಿದರೆ ಮಿತಿ ದಾಟಿತು. ಅತ್ತ ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ ಅಂದಿದೆ. ಒಂದು ಸರ್ಕಾರದ ಪ್ರಕಾರ ತೆರಿಗೆ ಕಟ್ಟುವಷ್ಟು ಉಳ್ಳವರಲ್ಲ, ಇನ್ನೊಂದರ ಪ್ರಕಾರ ಬಡವರೂ ಅಲ್ಲ. ನಡುವೆ ಹತ್ತು ಪಟ್ಟು ಅಂತರ. ಜಿಲ್ಲೆಯ ಬಹುಪಾಲು ದುಡಿಯುವ ಮನೆಗಳು ಈ ಅಂತರದಲ್ಲೇ ಬದುಕ್ತಿವೆ.

ಬಿಪಿಎಲ್ ಹೋದರೆ ಹೋಗೋದು ಅಕ್ಕಿ ಮಾತ್ರ ಅಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ ಸರ್ಕಾರ ಕೊಡುತ್ತದೆ, ಅದೂ 1.50 ಲಕ್ಷದವರೆಗೆ. ಹೆಣ್ಣು ಮಗು ಹುಟ್ಟಿದ ಮನೆಗೆ ಭಾಗ್ಯಲಕ್ಷ್ಮಿ ಕೂಡ ಬಿಪಿಎಲ್ ಕಾರ್ಡಿನ ಮೇಲೇ ನಿಂತಿದೆ. ಜನ ಕಾರ್ಡಿಗೆ ಜೋತು ಬೀಳೋದು ಅಕ್ಕಿ ಆಸೆಗಿಂತ ಹೆಚ್ಚಾಗಿ ಆಸ್ಪತ್ರೆ ಭಯಕ್ಕೆ.

ಲೋನ್‌ಗಾಗಿ ಏರಿಸಿದ ಆದಾಯ

ಇನ್ನೊಂದು ವರ್ಗ ತಾವೇ ಕೈಯಾರೆ ಸಿಕ್ಕಿಹಾಕಿಕೊಂಡಿದೆ. ಟ್ರ್ಯಾಕ್ಟರ್, ಗೂಡ್ಸ್ ಗಾಡಿ, ಮನೆ ಸಾಲ ಏನೇ ಕೇಳಿದ್ರೂ ಫೈನಾನ್ಸಿನವರು ಮೂರು ವರ್ಷದ ಐಟಿ ತನ್ನಿ ಅಂತಾರೆ. ಎರಡೂವರೆ ಲಕ್ಷ ದುಡಿಯುವವನು ನಾಲ್ಕೂವರೆ ಅಂತ ತೋರಿಸಿ ರಿಟರ್ನ್ಸ್ ಹಾಕಿಸ್ತಾನೆ. ತೆರಿಗೆ ಹೇಗೂ ಸೊನ್ನೆ, ಏನಾಗುತ್ತೆ ಅಂತ. ಅದೇ ಮನೆಯವರು ಮಗಳ ಸ್ಕಾಲರ್‌ಶಿಪ್‌ಗೆ ನಾಡಕಚೇರಿಯಲ್ಲಿ ಕಡಿಮೆ ಆದಾಯದ ಸರ್ಟಿಫಿಕೇಟ್ ಮಾಡಿಸ್ತಾರೆ. ಎಸ್‌ಸಿ, ಎಸ್‌ಟಿ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ಗೆ ಪೋಷಕರ ಆದಾಯ 2.50 ಲಕ್ಷ ದಾಟಬಾರದು. ಎರಡು ಕಾಗದ, ಎರಡು ಆದಾಯ, ಒಂದೇ ಆಧಾರ್. ಸಾಲಕ್ಕಾಗಿ ಹೇಳಿದ ಸುಳ್ಳು ಮಗಳ ಫೀಸಿನ ಹತ್ತಿರ ಬಂದು ನಿಲ್ಲುತ್ತೆ.

ಟಿಡಿಎಸ್ ಕಟ್ ಆಗಿದ್ದನ್ನು ವಾಪಸ್ ಪಡೆಯೋಕೆ ರಿಟರ್ನ್ಸ್ ಹಾಕುವ ಇನ್ಶೂರೆನ್ಸ್ ಏಜೆಂಟರ ಕಥೆ ಬೇರೆ. ಅವರದ್ದು ಅವರದೇ ದುಡ್ಡು. ತಾವು ತೆರಿಗೆ ಕಟ್ಟೇ ಇಲ್ಲ, ಆದರೂ ತೆರಿಗೆದಾರರ ಪಟ್ಟಿಗೆ ಸೇರಿಸಿದ್ದಾರೆ ಅಂತ ಗೃಹಲಕ್ಷ್ಮಿ ಶುರುವಾದಾಗಿನಿಂದ ಮಹಿಳೆಯರ ದೂರು ಇದೆ. ಇಂಥವರು ರಿಟರ್ನ್ಸ್ ಹಾಕಿದ ಮೇಲೆ ಇಲಾಖೆಯಿಂದ ಇಮೇಲ್‌ಗೆ ಬರುವ 143(1) ಇಂಟಿಮೇಷನ್ ಪ್ರಿಂಟ್ ತೆಗೆದಿಟ್ಟುಕೊಳ್ಳಬೇಕು. ತೆರಿಗೆ ಸೊನ್ನೆ ಅಂತ ಅದರಲ್ಲಿ ಇರುತ್ತದೆ. ಆಫೀಸಿನಲ್ಲಿ ಬಾಯಿ ಮಾತಿಗಿಂತ ಆ ಕಾಗದಕ್ಕೆ ಬೆಲೆ.

ಈಗ ಹೊಸ ಗಂಡಾಂತರ ಜಿಎಸ್‌ಟಿ

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಲ್ಲಿ ಓನ್ಲಿ ಕ್ಯಾಶ್ ಬೋರ್ಡ್ ಬಿದ್ದವು. ಹಳೇ ಬಾಕಿ ವಸೂಲಿ ಮಾಡಲ್ಲ, ಆದರೆ ನೋಂದಣಿ ಮಾಡಿಸಬೇಕು ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ ಮೇಲೆ ಬಿಸಿ ತಣ್ಣಗಾಯಿತು. ಗೃಹಲಕ್ಷ್ಮಿ ಬಗ್ಗೆ ಆ ಗದ್ದಲದಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ದಿನಕ್ಕೆ 11,500 ವ್ಯಾಪಾರ ಮಾಡುವ ಒಂದು ಬೇಕರಿ ತಗೊಳ್ಳಿ. ವರ್ಷಕ್ಕೆ ಸುಮಾರು 42 ಲಕ್ಷ. ಸರಕು ಮಾರುವವರಿಗೆ ಮಿತಿ 40 ಲಕ್ಷ, ಹಾಗಾಗಿ ನೋಂದಣಿ ಬೇಕು. ನೂರಕ್ಕೆ 8 ರೂಪಾಯಿ ಉಳಿಯುತ್ತೆ ಅಂದ್ರೆ ಲಾಭ 3.36 ಲಕ್ಷ. ಕಾಂಪೋಸಿಷನ್ ಸ್ಕೀಮಿನಲ್ಲಿ ಶೇ 1 ಅಂದ್ರೆ 42 ಸಾವಿರ ತೆರಿಗೆ, ಅದನ್ನು ಗಿರಾಕಿ ಹತ್ತಿರ ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ಗಂಡ ಜಿಎಸ್‌ಟಿ ರಿಟರ್ನ್ಸ್ ಹಾಕಿದ ಮೇಲೆ ಹೆಂಡತಿಯ ಗೃಹಲಕ್ಷ್ಮಿ ನಿಲ್ಲುತ್ತೆ, ವರ್ಷಕ್ಕೆ 24 ಸಾವಿರ. ಒಟ್ಟು 66 ಸಾವಿರ, ಲಾಭದ ಐದನೇ ಒಂದು ಭಾಗ. ಗಮನಿಸಿ, ಐಟಿಗೆ ತೆರಿಗೆ ಕಟ್ಟುವವರು ಅಂತ ಇದೆ, ಜಿಎಸ್‌ಟಿಗೆ ರಿಟರ್ನ್ಸ್ ಸಲ್ಲಿಸುವವರು ಅಂತ ಇದೆ. ಆ ವರ್ಷ ವ್ಯಾಪಾರ ಬಿದ್ದು ತೆರಿಗೆ ಸೊನ್ನೆ ಬಂದರೂ ಬಿಡಲ್ಲ.

ಬ್ರಿಟನ್ನಿನಲ್ಲಿ ಮಕ್ಕಳ ಭತ್ಯೆಗೆ ಬೇರೆ ಲೆಕ್ಕ ಇದೆ. ತಂದೆ ತಾಯಿಯಲ್ಲಿ ಹೆಚ್ಚು ದುಡಿಯುವವರ ಆದಾಯ 60 ಸಾವಿರ ಪೌಂಡ್ ದಾಟಿದ ಮೇಲೆ ಪ್ರತಿ 200 ಪೌಂಡಿಗೆ ಭತ್ಯೆಯ ಶೇ 1 ತೆರಿಗೆಯಾಗಿ ವಾಪಸ್ ಹೋಗುತ್ತದೆ, 80 ಸಾವಿರಕ್ಕೆ ಪೂರ್ತಿ. ಅಲ್ಲೂ ಜನ ಗೊಣಗ್ತಾರೆ. ಆದರೂ ಅದು ಮೆಟ್ಟಿಲು ಇಳಿದಂತೆ. ನಮ್ಮಲ್ಲಿ ಮಹಡಿಯಿಂದ ನೇರ ಕೆಳಗೆ.

ಆದಾಯ ಇಳಿದಾಗ ಮಾತ್ರ ಯಾವ ಕಂಪ್ಯೂಟರೂ ತಾನಾಗಿ ಗುರುತಿಸಲ್ಲ. ಕೆಲಸ ಹೋದರೆ, ದುಡಿಯುವವರು ತೀರಿಕೊಂಡರೆ ನಾಡಕಚೇರಿಯಲ್ಲಿ ಹೊಸ ಆದಾಯ ಪ್ರಮಾಣಪತ್ರ ಮಾಡಿಸಿ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಕೊಡಬೇಕು. ಅಂಗಡಿ ಮುಚ್ಚಿದವರು ಶಟರ್ ಎಳೆದರೆ ಸಾಲದು, ಜಿಎಸ್‌ಟಿ ನಂಬರನ್ನೂ ರದ್ದು ಮಾಡಿಸಬೇಕು. ಕೋವಿಡ್ ಹೊತ್ತಲ್ಲಿ ಬಾಗಿಲು ಹಾಕಿದ ಅಂಗಡಿಯ ನಂಬರ್ ಇನ್ನೂ ಚಾಲ್ತಿಯಲ್ಲಿದ್ದರೆ ದಾಖಲೆ ಪ್ರಕಾರ ಆತ ಈಗಲೂ ವ್ಯಾಪಾರಿ. ಸೊನ್ನೆ ವ್ಯಾಪಾರದ ಮಾಸಿಕ ರಿಟರ್ನ್ಸ್ ಹಾಕದಿದ್ದರೂ ದಿನಕ್ಕೆ 20 ರೂಪಾಯಿ ಲೇಟ್ ಫೀ ಇದೆ. ರದ್ದತಿ ಅರ್ಜಿಯನ್ನು ಪೋರ್ಟಲ್‌ನಲ್ಲೇ ಹಾಕಬಹುದು, ಅದಕ್ಕೆ ಶುಲ್ಕ ಇಲ್ಲ. ರದ್ದಾದ ಆದೇಶದ ಪ್ರತಿಯನ್ನು ಸಿಡಿಪಿಒ ಕಚೇರಿಗೆ ಕೊಟ್ಟು, ಕೊಟ್ಟಿದ್ದಕ್ಕೆ ಸೀಲ್ ಹಾಕಿಸಿಕೊಂಡು ಬರಬೇಕು.