ಪಟ್ಟಣದ ಕಸ ಹೊಲಕ್ಕೆ ಬರಲಿ, ಬೇರ್ಪಡಿಸಿಯೇ ಬರಲಿ



ಬೆಳಿಗ್ಗೆ ಕೊಪ್ಪಳದ ಅಥವಾ ಗಂಗಾವತಿಯ ಓಣಿಯಲ್ಲಿ ನಗರಸಭೆಯ ಕಸದ ಗಾಡಿ ಬರುವುದನ್ನು ನೀವೂ ಕಂಡಿರುತ್ತೀರಿ. ಮನೆಯವರು ಬಕೆಟ್ ತಂದು ಸುರಿಯುತ್ತಾರೆ, ಗಾಡಿ ಮುಂದೆ ಸಾಗುತ್ತದೆ. ಇದು ಪಟ್ಟಣದವರ ವಿಷಯ, ಒಕ್ಕಲುತನದ ಪುಟದಲ್ಲಿ ಇದರ ಮಾತೇಕೆ ಎಂದು ಕೆಲವರು ಕೇಳಬಹುದು. ಆ ಬಕೆಟ್ಟಿನೊಳಗೆ ಏನಿದೆ ನೋಡಿ. ಬದನೆಕಾಯಿಯ ತೊಟ್ಟು, ಮೆಂತ್ಯೆ ಸೊಪ್ಪಿನ ಬೇರು, ದಾಳಿಂಬೆಯ ಸಿಪ್ಪೆ, ಉಳಿದ ಅನ್ನ. ಕುಷ್ಟಗಿಯ ತೋಟದಿಂದ, ಗಂಗಾವತಿಯ ಗದ್ದೆಯಿಂದ ಹೋದ ಮಾಲೇ ಅದು. ನಮ್ಮ ಮಣ್ಣಿನ ಸಾರ ಚೀಲದಲ್ಲಿ ತುಂಬಿ ಪಟ್ಟಣಕ್ಕೆ ಹೋಗುತ್ತದೆ, ಮರಳಿ ಬರುವುದು ಬಹಳ ಕಡಿಮೆ.

ಆ ಸಾರ ಹೊಲಕ್ಕೆ ಮರಳಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅಡಿಗೆಮನೆಯಲ್ಲಿಯೇ ಬೇರ್ಪಡಿಸಿದ ಹಸಿ ಕಸವಾಗಿ ಮರಳಬೇಕು. ಬೇರ್ಪಡಿಸದ ಕಸವನ್ನು ಪುಕ್ಕಟೆ ಕೊಟ್ಟರೂ ರೈತರು ಒಲ್ಲೆ ಎನ್ನಬೇಕು. ಈ ಎರಡನೆಯ ಮಾತನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆನು.

ನೌಕರಿಗೆ ಸೇರಿದ ಹೊಸದರಲ್ಲಿ, ಒಂದು ಹಳ್ಳಿಯ ಸಭೆಯಲ್ಲಿ, ಪಟ್ಟಣದ ಕಸ ಒಳ್ಳೆಯ ಗೊಬ್ಬರ, ಹೇರಿಕೊಂಡು ಬನ್ನಿರಿ ಎಂದು ಹೇಳಿದ್ದೆ. ಮಸಾರಿ ಭೂಮಿಯ ಒಬ್ಬ ರೈತರು ನನ್ನ ಮಾತು ನಂಬಿ ಎಂಟು ಟ್ರೇಲರ್ ಕಸ ತಂದು ಹೊಲಕ್ಕೆ ಹರವಿದರು. ಮಳೆ ಬಿದ್ದು ಮೇಲಿನ ಮಣ್ಣು ತೊಳೆದ ಮೇಲೆ ಹೊಲದ ತುಂಬ ಹಾಳೆ ಚೀಲ, ಸೀಸೆಯ ಚೂರು, ಬ್ಯಾಟರಿ ಸೆಲ್ಲು. ಕುಂಟೆಗೆ ಪ್ಲಾಸ್ಟಿಕ್ ಸುತ್ತಿಕೊಂಡಿತು. ಕಳೆ ತೆಗೆಯಲು ಬಂದ ಹೆಣ್ಣುಮಗಳ ಕಾಲಿಗೆ ಗಾಜು ಹೊಕ್ಕು ಹದಿನೈದು ದಿನ ಅವರ ಕೂಲಿ ಹೋಯಿತು. ನಾನು ನೋಡಲು ಹೋದಾಗ ಆ ರೈತರು ಸಿಟ್ಟಾಗಲಿಲ್ಲ. “ಸಾಹೇಬ್ರ, ಗೊಬ್ಬರಾ ಹಾಕು ಅಂದ್ರಿ. ನಾ ಹೊಲದಾಗ ಗಾಜು ಬಿತ್ತೀನಿ ನೋಡ್ರಿ” ಎಂದಷ್ಟೇ ಅಂದರು. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಹಿಂದಿನ ಕಸ, ಇಂದಿನ ಕಸ

ನನ್ನ ತಪ್ಪು ಎಲ್ಲಿತ್ತು? ನಾನು ಪುಸ್ತಕದಲ್ಲಿ ಓದಿದ್ದು ಹಳೆಯ ಕಾಲದ ಕಸದ ವಿಷಯ. ಪಟ್ಟಣದ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮಣ್ಣು ಮುಚ್ಚಿ ಗೊಬ್ಬರ ಮಾಡುವ ‘ಬೆಂಗಳೂರು ಪದ್ಧತಿ’ 1939ರಷ್ಟು ಹಿಂದೆಯೇ ರೂಪುಗೊಂಡಿತ್ತು. ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾದದ್ದು 1975ರಲ್ಲಿ. ಅಂದಿನ ಕಸವೆಂದರೆ ಬೂದಿ, ಎಲೆ, ಸೆಗಣಿ, ಕಾಯಿಪಲ್ಲೆಯ ಸಿಪ್ಪೆ. ಇಂದು ಒಂದೇ ಬಕೆಟ್ಟಿನಲ್ಲಿ ಔಷಧಿ ಚೀಟಿ, ಬ್ಲೇಡು, ಹಾಲಿನ ಪ್ಯಾಕೆಟ್, ಮಕ್ಕಳ ಡೈಪರ್ ಎಲ್ಲವೂ ಬೀಳುತ್ತವೆ. ಒಮ್ಮೆ ಬೆರೆತ ಮೇಲೆ ಯಾವ ಜರಡಿಯೂ ಅದನ್ನು ಪೂರ್ಣ ಬೇರ್ಪಡಿಸಲಾರದು. ಸೆಲ್ಲಿನಿಂದ ಇಳಿದ ಸೀಸ, ಕ್ಯಾಡ್ಮಿಯಂ ಕಣ್ಣಿಗೂ ಕಾಣುವುದಿಲ್ಲ.

ಬೆರೆತ ಕಸ ಹಳ್ಳಿಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಪಕ್ಕದ ಮಂಡೂರು ಸಾಕ್ಷಿ. ರಾಜಧಾನಿಯ ಕಸ ಬಂದು ಗುಡ್ಡೆಯಾಗಿ, ನೊಣ ಮತ್ತು ನಾತಕ್ಕೆ ಬೇಸತ್ತ ಅಲ್ಲಿಯ ಜನ 2014ರಲ್ಲಿ ಲಾರಿಗಳ ವಿರುದ್ಧ ಹೋರಾಟಕ್ಕಿಳಿದರು. ಆ ವರ್ಷದ ಕೊನೆಗೆ ಕಸ ತರುವುದು ನಿಂತಿತು. 2015ರಲ್ಲಿ ಉಚ್ಚ ನ್ಯಾಯಾಲಯವು ಬೆಂಗಳೂರಿನ ಮನೆಗಳಿಗೆ ಎರಡು ಬುಟ್ಟಿ, ಒಂದು ಚೀಲದ ಕ್ರಮವನ್ನು ವಿಧಿಸಿತು: ಹಸಿ ಕಸಕ್ಕೊಂದು ಬುಟ್ಟಿ, ತಿರಸ್ಕೃತ ಕಸಕ್ಕೊಂದು ಬುಟ್ಟಿ, ಒಣ ಕಸಕ್ಕೆ ಚೀಲ. 2016ರ ಕೇಂದ್ರ ನಿಯಮಗಳೂ ಮನೆಯಲ್ಲಿಯೇ ಮೂರು ಭಾಗ ಮಾಡಬೇಕೆಂದು ಹೇಳಿದವು. ಬೆಂಗಳೂರಿಗೆ ಬುದ್ಧಿ ಬರಲು ಒಂದು ಹಳ್ಳಿ ಹಾಳಾಗಬೇಕಾಯಿತು. ನಮ್ಮ ಜಿಲ್ಲೆಯಲ್ಲಿ ಹಾಗಾಗಬಾರದು.

ಗೊಬ್ಬರದ ನಿಜವಾದ ಲೆಕ್ಕ

ಪಟ್ಟಣದ ಕಾಂಪೋಸ್ಟ್ ಸರ್ಕಾರಿ ಗೊಬ್ಬರಕ್ಕೆ ಬದಲಿ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ರಸಗೊಬ್ಬರ ನಿಯಂತ್ರಣ ಆದೇಶದ ಮಾನದಂಡದಂತೆ ಇದರಲ್ಲಿ ಕನಿಷ್ಠ ಶೇ 0.8 ಸಾರಜನಕ ಇರಬೇಕು. ಅಂದರೆ ಒಂದು ಟನ್ನಿಗೆ 8 ಕಿಲೋ. 45 ಕಿಲೋದ ಒಂದು ಚೀಲ ಯೂರಿಯಾದಲ್ಲಿ ಸುಮಾರು 20 ಕಿಲೋ ಸಾರಜನಕವಿದೆ. ಎರಡೂವರೆ ಟನ್ ಕಾಂಪೋಸ್ಟ್ ಹಾಕಿದರೆ ಒಂದು ಚೀಲಕ್ಕೆ ಸಮ, ಅದೂ ಮೊದಲ ವರ್ಷವೇ ಎಲ್ಲವೂ ಬೆಳೆಗೆ ಸಿಗುವುದಿಲ್ಲ.

ಇದರ ಬೆಲೆ ಇರುವುದು ಸಾವಯವ ಅಂಶದಲ್ಲಿ. ಯಲಬುರ್ಗಾ, ಕುಷ್ಟಗಿ ಕಡೆಯ ಮಳೆಯಾಶ್ರಿತ ಮಸಾರಿ ಭೂಮಿಯಲ್ಲಿ ಒಂದು ಹದ ಮಳೆಯ ತೇವವನ್ನು ನಾಲ್ಕು ದಿನ ಹೆಚ್ಚು ಹಿಡಿದಿಟ್ಟರೆ ಸಜ್ಜೆ, ಶೇಂಗಾ ಬದುಕುತ್ತವೆ. ಮನೆಗಳಲ್ಲಿ ಎತ್ತು, ಎಮ್ಮೆ ಕಡಿಮೆಯಾಗಿ ತಿಪ್ಪೆ ಬರಿದಾಗಿರುವ ಈ ದಿನಗಳಲ್ಲಿ ಅಂಥ ಗೊಬ್ಬರ ಇನ್ನೆಲ್ಲಿಂದ ತರೋಣ?

ತೆಗೆದುಕೊಳ್ಳುವ ಮೊದಲು ಪರೀಕ್ಷಿಸಿರಿ. ಮಾಗಿದ ಗೊಬ್ಬರ ಕಪ್ಪಗಿದ್ದು ಮಳೆ ಬಿದ್ದ ಮಣ್ಣಿನ ವಾಸನೆ ಕೊಡುತ್ತದೆ. ರಾಶಿಯೊಳಗೆ ಕೈ ಇಟ್ಟರೆ ಬಿಸಿ ಇರಬಾರದು. ಒಂದು ಡಬ್ಬಿಯಲ್ಲಿ ಮಣ್ಣು, ಇನ್ನೊಂದರಲ್ಲಿ ಮಣ್ಣಿಗೆ ಅರ್ಧದಷ್ಟು ಗೊಬ್ಬರ ಬೆರೆಸಿ, ಎರಡರಲ್ಲೂ ಇಪ್ಪತ್ತು ಕಾಳು ಜೋಳ ಊರಿರಿ. ಗೊಬ್ಬರದ ಡಬ್ಬಿಯಲ್ಲಿ ಮೊಳಕೆ ಕಡಿಮೆಯಾದರೆ ಅಥವಾ ಸಸಿ ಹಳದಿಯಾದರೆ ಅದು ಇನ್ನೂ ಮಾಗಿಲ್ಲ, ಇಲ್ಲವೆ ಉಪ್ಪು ಹೆಚ್ಚಿದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು ಏರಿದ ಗದ್ದೆಗಳಿರುವ ಗಂಗಾವತಿಯ ರೈತರು ಲವಣಾಂಶದ ಪರೀಕ್ಷೆ ಮಾಡಿಸದೆ ಹಾಕಲೇಬಾರದು. ಸೀಸ, ಕ್ಯಾಡ್ಮಿಯಂ ಇತ್ಯಾದಿಗಳ ಪ್ರಯೋಗಾಲಯದ ವರದಿಯನ್ನು ಕೊಡುವವರಿಂದಲೇ ಕೇಳಿರಿ. ಒಪ್ಪಿಗೆಯಾದ ಗೊಬ್ಬರವನ್ನು ಬಿತ್ತನೆಗೆ ಎರಡು ಮೂರು ವಾರ ಮೊದಲು ಹರವಿ ಮಣ್ಣಿನಲ್ಲಿ ಬೆರೆಸಿರಿ.

ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ

ಪಟ್ಟಣದವರನ್ನು ಬೈಯುವ ಮೊದಲು ನಮ್ಮ ಬದುವಿನ ಮೇಲೆ ಕಣ್ಣು ಹಾಯಿಸೋಣ. ಕ್ರಿಮಿನಾಶಕದ ಖಾಲಿ ಬಾಟಲಿ, ಬೀಜದ ಚೀಲ, ಗುಟಕಾ ಚೀಟಿ ನಮ್ಮ ತಿಪ್ಪೆಯಲ್ಲೂ ಬೀಳುತ್ತಿವೆ. ಯಂತ್ರದಿಂದ ಕಟಾವು ಮಾಡಿದ ಗದ್ದೆಗಳಲ್ಲಿ ಭತ್ತದ ಹುಲ್ಲಿಗೆ ಬೆಂಕಿ ಇಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಕೈಯಿಂದ ಸಾವಯವ ವಸ್ತು ಸುಟ್ಟು, ಇನ್ನೊಂದು ಕೈಯಿಂದ ಪಟ್ಟಣದ ಮುಂದೆ ಗೊಬ್ಬರ ಬೇಡುವುದು ಶೋಭೆಯಲ್ಲ.

ಈಗ ಕೆಲಸದ ಮಾತು. ಪಟ್ಟಣಕ್ಕೆ ಸಮೀಪದ ಹಳ್ಳಿಗಳ ಹತ್ತಿಪ್ಪತ್ತು ರೈತರು ಕೂಡಿ ಅರ್ಜಿ ಬರೆದುಕೊಂಡು ಸ್ಥಳೀಯ ಸಂಸ್ಥೆಗೆ ಹೋಗಿರಿ. ಒಂದೇ ಒಂದು ವಾರ್ಡಿನಿಂದ ಶುರುವಾಗಲಿ. ಆ ವಾರ್ಡಿನ ಹಸಿ ಕಸ ಬೇರೆ ಡಬ್ಬಿಯಲ್ಲಿ ಬರಲಿ, ಗೊಬ್ಬರವಾಗಲಿ, ವರದಿಯೊಡನೆ ನಮಗೆ ಸಿಗಲಿ. ಒಣ ಕಸ ಗುಜರಿಗೆ ಹೋಗಲಿ. ನಮ್ಮ ಹೊಲದಲ್ಲಿ ಬೆಳೆದ ಬೆಳೆಯನ್ನು ಆ ವಾರ್ಡಿನ ತಾಯಂದಿರು ಬಂದು ನೋಡಲಿ. ತಾವು ಬೇರ್ಪಡಿಸಿದ ಸಿಪ್ಪೆ ಎಲ್ಲಿಗೆ ಹೋಯಿತೆಂದು ಕಂಡವರು ಮರುದಿನ ಅದರಲ್ಲಿ ಬ್ಲೇಡು ಹಾಕಲಾರರು. ದಂಡ, ಜಾಹೀರಾತುಗಳಿಗಿಂತ ಇದು ಹೆಚ್ಚು ಕೆಲಸ ಮಾಡೀತೆಂದು ನನ್ನ ನಂಬಿಕೆ.

ಉಪ್ಪರಿಗೆ ಹೋಗಿ ತಿಪ್ಪೆಯಾಯಿತು, ತಿಪ್ಪೆ ಹೋಗಿ ಉಪ್ಪರಿಗೆಯಾಯಿತು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಉಪ್ಪರಿಗೆಯ ಮನೆಯವರು ಎರಡು ಬುಟ್ಟಿ ಇಟ್ಟುಕೊಂಡರೆ ನಮ್ಮ ತಿಪ್ಪೆ ತುಂಬುತ್ತದೆ. ಅಲ್ಲಿಯವರೆಗೆ ಗಾಜು ಬೆರೆತ ಗೊಬ್ಬರದ ಗಾಡಿ ಹೊಲದ ಬದುವಿಗೆ ಬಂದರೆ, ತಂದವರು ಯಾರೇ ಇರಲಿ, ನನ್ನಂಥ ಅಧಿಕಾರಿಯೇ ಶಿಫಾರಸು ಮಾಡಿರಲಿ, ಹಿಂದಕ್ಕೆ ಕಳುಹಿಸಿರಿ.