ತುಂಡುಬಟ್ಟೆಯ ಶಿಮ್ಮಿಯೂ ಹೊಲಿಗೆಯ ಅವಧಿಯೂ



ಕಳೆದ ಭಾನುವಾರ ಕಪಾಟನ್ನು ಶುಚಿಗೊಳಿಸುತ್ತಿದ್ದಾಗ ತುಂಡುಬಟ್ಟೆಗಳ ಗಂಟೊಂದು ದೊರೆಯಿತು. ಎಸೆಯಲು ಮನಸ್ಸು ಬಾರದೆ ಮೊಮ್ಮಗಳಿಗೆ ಒಂದು ಶಿಮ್ಮಿ ಹೊಲಿಯಲು ಕುಳಿತೆ. "ಅಜ್ಜಿ, ಅಂಗಡಿಯಲ್ಲೇ ಸಿಗುತ್ತಲ್ಲ, ಯಾಕೆ ಹೊಲೀತೀಯ?" ಎಂದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳಬೇಕೆನಿಸಿತು.

ಎಂಬತ್ತರ ದಶಕದಲ್ಲಿ ನಾನು ಮಲೆನಾಡಿನ ಅಂಚಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. ಏಳನೆಯ ತರಗತಿಯ ಒಬ್ಬ ಜಾಣ ಹುಡುಗಿ ಮಳೆ ಬಂದ ದಿನ ಶಾಲೆಗೆ ಬರುತ್ತಿರಲಿಲ್ಲ. ಸೋಮಾರಿತನವೆಂದು ಗದರಿದೆ. ಕೊಡೆಯಿಲ್ಲವೇನೋ ಎಂದು ಕೊಡೆ ಕೊಡಿಸಿದೆ. ಆದರೂ ಬರಲಿಲ್ಲ. ಕಾರಣ ಅವಳ ಅಕ್ಕನಿಂದ ತಿಳಿಯಿತು. ಸಮವಸ್ತ್ರದ ತೆಳುವಾದ ಬಿಳಿ ಜಂಪರು ನೆನೆದರೆ ಮೈಗೆ ಅಂಟಿಕೊಳ್ಳುತ್ತಿತ್ತು. ಒಳಗೆ ತೊಡಲು ಅವಳಿಗೆ ಶಿಮ್ಮಿ ಇರಲಿಲ್ಲ. ಬೆಳೆಯುವ ವಯಸ್ಸಿನ ಮಗು ತರಗತಿಯಲ್ಲಿ ಹೇಗೆ ಕುಳಿತೀತು? ಗದರಿದ್ದಕ್ಕಾಗಿ ನಾನು ಇಂದಿಗೂ ನಾಚುತ್ತೇನೆ.

ಊರಿನ ದರ್ಜಿಯವರು ಕೇಳಿದೊಡನೆ ಒಂದು ಚೀಲ ತುಂಡುಬಟ್ಟೆ ಕೊಟ್ಟರು. ಆಗ ವೇಳಾಪಟ್ಟಿಯಲ್ಲಿ 'ಸಮಾಜೋಪಯೋಗಿ ಉತ್ಪಾದಕ ಕಾರ್ಯ'ಕ್ಕೆ ಅವಧಿ ಇತ್ತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ಶಿಫಾರಸು ಮಾಡಿದ ವಿಷಯವದು. ಆ ಅವಧಿಯಲ್ಲಿ ಹುಡುಗಿಯರೆಲ್ಲರೂ ತಮ್ಮ ತಮ್ಮ ಅಳತೆಗೆ ಒಂದೊಂದು ಶಿಮ್ಮಿ ಹೊಲಿದುಕೊಂಡರು. ಯಾರ ಸಲುವಾಗಿ ಈ ಕೆಲಸವೆಂದು ನಾನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಆ ಹುಡುಗಿ ಆ ಮಳೆಗಾಲದಲ್ಲಿ ಮತ್ತೆ ಗೈರುಹಾಜರಾಗಲಿಲ್ಲ.

ಅದೇನೂ ದೊಡ್ಡ ವಿದ್ಯೆಯಲ್ಲ. 36 ಅಂಗುಲ ಪನ್ನದ ಹತ್ತಿ ಬಟ್ಟೆ ಅರ್ಧ ಮೀಟರು ಸಾಕು. ಮೊದಲು ನೀರಿನಲ್ಲಿ ನೆನೆಸಿ ಒಣಗಿಸಬೇಕು. ಇಲ್ಲವಾದರೆ ಹೊಲಿದ ಮೇಲೆ ಕುಗ್ಗುತ್ತದೆ. ಎದೆಯ ಸುತ್ತಳತೆ 24 ಅಂಗುಲವಾದರೆ, ಸಡಿಲಕ್ಕೂ ಹೊಲಿಗೆಗೂ 4 ಅಂಗುಲ ಸೇರಿಸಿ, 14 ಅಂಗುಲ ಅಗಲದ ಎರಡು ತುಂಡು ಕತ್ತರಿಸಬೇಕು. ಉಳಿದ 8 ಅಂಗುಲದ ಪಟ್ಟಿಯಲ್ಲಿ ಭುಜದ ಪಟ್ಟಿಗಳಾಗುತ್ತವೆ. ಪಕ್ಕಗಳನ್ನು ಕೂಡಿಸಿ, ಮೇಲಂಚನ್ನು ಮಡಿಸಿ ಕೊಳವೆಯಂತೆ ಹೊಲಿದು, ಪಿನ್ನಿನ ಸಹಾಯದಿಂದ 22 ಅಂಗುಲದ ಎಲಾಸ್ಟಿಕ್ ಏರಿಸಬೇಕು. ಕೊನೆಗೆ ಭುಜದ ಪಟ್ಟಿ ಕೂಡಿಸಿ, ಕೆಳಗಿನ ಅಂಚು ಮಡಿಸಿದರೆ ಆಯಿತು. ನನ್ನ ಮೊದಲ ಶಿಮ್ಮಿಯಲ್ಲಿ ಎಲಾಸ್ಟಿಕ್ ಬಿಗಿಯಾಗಿ ಮಗುವಿನ ಮೈಮೇಲೆ ಕೆಂಪು ಗೆರೆ ಮೂಡಿತ್ತು. ಹೊಲಿಗೆ ಬಿಚ್ಚಿ ಸರಿಪಡಿಸಿದೆ. ಕೊಳವೆಯಲ್ಲಿ ಹಾಕಿದ ಎಲಾಸ್ಟಿಕ್ ಸಡಿಲವಾದರೆ ಬದಲಾಯಿಸುವುದೂ ಸುಲಭ.

ಇದರಲ್ಲಿ ಕೂಡುವ, ಕಳೆಯುವ, ಭಾಗಿಸುವ ಲೆಕ್ಕಗಳೆಲ್ಲವೂ ಇದ್ದವು. ಆದರೂ ಮರುವರ್ಷ ಆ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡಬೇಕಾಯಿತು! ನಾನು ಪ್ರತಿಭಟಿಸಲಿಲ್ಲ. ಅದು ನನ್ನ ಮೊದಲ ತಪ್ಪು. ಹುಡುಗಿಯರಿಗೆ ಸೂಜಿ ಕೊಟ್ಟು ಹುಡುಗರನ್ನು ಕೈತೋಟಕ್ಕೆ ಕಳುಹಿಸಿದ್ದು ಎರಡನೆಯದು. ಬಟ್ಟೆ ಕೊಟ್ಟ ದರ್ಜಿಯವರು ಗಂಡಸರೇ ಆಗಿದ್ದರೂ ನನಗದು ಹೊಳೆಯಲಿಲ್ಲ. ಹುಡುಗರೂ ಜೊತೆಗೆ ಕುಳಿತು ಹೊಲಿದಿದ್ದರೆ, ಒಂದು ಶಿಮ್ಮಿಯಿಲ್ಲದೆ ಸಹಪಾಠಿಯ ಓದು ನಿಲ್ಲಬಹುದೆಂಬುದು ಅವರಿಗೂ ತಿಳಿಯುತ್ತಿತ್ತು.

ಈಗ ಸಿದ್ಧ ಉಡುಪು ಅಗ್ಗವಾಗಿದೆ, ನಿಜ. ಆದರೆ ನಾನು ವಾದಿಸುತ್ತಿರುವುದು ಹಣದ ಉಳಿತಾಯಕ್ಕಾಗಿ ಅಲ್ಲ. ಹಳೆಯ ಸೀರೆಗಳಿಂದ ಕೌದಿ ಹೊಲಿದ ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಬಟ್ಟೆಯ ಬೆಲೆಯನ್ನೂ ಶ್ರಮದ ಬೆಲೆಯನ್ನೂ ಒಟ್ಟಿಗೇ ಬಲ್ಲವರಾಗಿದ್ದರು. ಒಮ್ಮೆ ತಾನೇ ಹೊಲಿದ ಮಗು ಗುಂಡಿ ಕಿತ್ತ ಅಂಗಿಯನ್ನು ಎಸೆಯಲಾರದು; ಹೊಲಿಗೆಯವರೊಂದಿಗೆ ನಾಲ್ಕು ಕಾಸಿಗೆ ಚೌಕಾಸಿಯನ್ನೂ ಮಾಡಲಾರದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು ಚೀಲವಿಲ್ಲದ ಹತ್ತು ದಿನಗಳಲ್ಲಿ ಕಸುಬು ಕಲಿಯಲಿ ಎಂದಿತು. ನನ್ನ ದೃಷ್ಟಿಯಲ್ಲಿ ಹತ್ತು ದಿನ ಸಾಲದು. ವಾರಕ್ಕೊಂದು ಅವಧಿ, ಹುಡುಗ ಹುಡುಗಿಯರೆಂಬ ಭೇದವಿಲ್ಲದೆ, ವರ್ಷವಿಡೀ ಇರಬೇಕು.

ನಿಮ್ಮಲ್ಲಿ ಕೆಲವರು ಈಗ ಶಿಕ್ಷಕರು, ಹಲವರು ತಂದೆತಾಯಿಯರು. ಶಾಲೆ ಕಲಿಸುವವರೆಗೆ ಕಾಯಬೇಡಿ. ಈ ರಜೆಯಲ್ಲಿ ಮಗನಿಗೂ ಮಗಳಿಗೂ ಒಂದೊಂದು ತುಂಡುಬಟ್ಟೆ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ಹೊಲಿಗೆ ಸೊಟ್ಟಗಾದರೆ ಗದರಬೇಡಿ.