ಓಡುವವನ ಹಿಂದೆ ಓಡುವ ಕಣ್ಣು

ಓಡುವ ಕುದುರೆಯನ್ನು ಚಿತ್ರೀಕರಿಸಬೇಕಾದ ಛಾಯಾಗ್ರಾಹಕನಿಗೆ ಕುದುರೆಯಷ್ಟೇ ವೇಗದ ವಾಹನ ಬೇಕು, ಸಮತಟ್ಟಾದ ಹಾದಿ ಬೇಕು, ನಡುಗದ ಕೈ ಬೇಕು. ವಿಡಿಯೋ ಆಟಗಳ ಲೋಕದಲ್ಲಿ ಇವೊಂದೂ ಬೇಡ. ಅಲ್ಲಿ ಕ್ಯಾಮೆರಾ ಎಂಬುದು ತೂಕವಿಲ್ಲದ ಒಂದು ಬಿಂದು, ಒಂದು ದಿಕ್ಕು ಮಾತ್ರ. ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತು ಆಟದೊಳಗಿನ ಕಾರನ್ನೋ ಯೋಧನನ್ನೋ ಹಿಂಬಾಲಿಸಿ ಕಿರುಚಿತ್ರ ಮಾಡುತ್ತಿದ್ದರೆ, ಎಲ್ಲವನ್ನೂ ಯಂತ್ರವೇ ಮಾಡುತ್ತದೆ, ಇವರದೇನು ಹೆಚ್ಚುಗಾರಿಕೆ ಎಂದು ಮನೆಯ ಹಿರಿಯರು ಹೇಳುವುದುಂಟು. ಈ ತೀರ್ಪು ಅವಸರದ್ದೆಂದು ನಮ್ಮ ಅಭಿಪ್ರಾಯ.

1996ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಹೊರತಂದ ‘ಸೂಪರ್ ಮಾರಿಯೋ 64’ ಆಟದಲ್ಲಿ ಈ ಕಾಣದ ಕ್ಯಾಮೆರಾಕ್ಕೆ ಒಬ್ಬ ಒಡೆಯನನ್ನೇ ಕಲ್ಪಿಸಿದ್ದರು. ಮೋಡವನ್ನೇರಿದ ಲಾಕಿಟು ಎಂಬ ಪಾತ್ರವು ಗಾಳದ ಕೋಲಿನ ತುದಿಗೆ ಕ್ಯಾಮೆರಾ ತೂಗಿಸಿಕೊಂಡು ಮಾರಿಯೋವನ್ನು ಹಿಂಬಾಲಿಸುತ್ತದೆ. ಅರಮನೆಯ ಕನ್ನಡಿ ಕೋಣೆಗೆ ಹೋದರೆ, ಬೆನ್ನ ಹಿಂದೆ ತೇಲುತ್ತಿರುವ ಆ ಛಾಯಾಗ್ರಾಹಕನ ಪ್ರತಿಬಿಂಬವೂ ಕಾಣುತ್ತದೆ. ಎಂಥ ರಸಿಕ ಕಲ್ಪನೆ!

ಆದರೆ ಆಡುವವನ ಅನುಕೂಲಕ್ಕಾಗಿ ಹಿಂಬಾಲಿಸುವುದು ಬೇರೆ, ನೋಡುವವರ ಸಂತೋಷಕ್ಕಾಗಿ ಹಿಂಬಾಲಿಸುವುದು ಬೇರೆ. ಅದೇ 1996ರಲ್ಲಿ ‘ಕ್ವೇಕ್’ ಎಂಬ ಆಟವನ್ನು ಬಳಸಿ ಆಟಗಾರರ ತಂಡವೊಂದು ‘ಡೈರಿ ಆಫ್ ಎ ಕ್ಯಾಂಪರ್’ ಎಂಬ ಪುಟ್ಟ ಚಿತ್ರವನ್ನು ಮಾಡಿತು; ಅದರಲ್ಲಿ ಕ್ಯಾಮೆರಾ ಆಟಗಾರನ ಕಣ್ಣನ್ನು ಬಿಟ್ಟು ಸ್ವತಂತ್ರವಾಗಿ ನಿಂತಿತು. 2003ರಲ್ಲಿ ಆರಂಭವಾದ ‘ರೆಡ್ ವರ್ಸಸ್ ಬ್ಲೂ’ ಮಾಲಿಕೆಯಲ್ಲಿ ‘ಹೇಲೊ’ ಆಟದ ಒಬ್ಬ ಆಟಗಾರನೇ ಛಾಯಾಗ್ರಾಹಕ. ಅವನ ಪಾತ್ರ ಕಂಡದ್ದೇ ಚಿತ್ರ. 2007ರ ‘ಹೇಲೊ 3’ ಆ ತೊಡಕನ್ನು ನಿವಾರಿಸಿತು. ಅದು ಉಳಿಸಿಕೊಳ್ಳುವುದು ಚಿತ್ರವನ್ನಲ್ಲ, ಯಾರು ಯಾವ ಕ್ಷಣದಲ್ಲಿ ಏನು ಮಾಡಿದರೆಂಬ ಲೆಕ್ಕವನ್ನು. ಹಾಗಾಗಿ ಮುಗಿದ ಓಟವನ್ನೇ ಮತ್ತೆ ನಡೆಸಿ, ಬೇಕಾದ ಮೂಲೆಯಿಂದ ಚಿತ್ರೀಕರಿಸಬಹುದು.

ಇಂಥ ಸಲಕರಣೆಗಳಲ್ಲಿ ಮುಖ್ಯವಾದ ಕಟ್ಟುಗಳು ಎರಡು. ಕ್ಯಾಮೆರಾ ಇದ್ದಲ್ಲೇ ಇದ್ದು ಮುಖವನ್ನು ಮಾತ್ರ ತಿರುಗಿಸುವುದು ಒಂದು, ಜಾತ್ರೆಯಲ್ಲಿ ನಿಂತು ತೇರನ್ನು ನೋಡುವವನಂತೆ. ಓಡುವ ವಸ್ತುವಿಗೇ ಬಿಗಿದುಕೊಂಡು ಜೊತೆಯಲ್ಲಿ ಸಾಗುವುದು ಇನ್ನೊಂದು. ಹೊಸಬರು ಈ ಎರಡನೆಯದನ್ನು ಭದ್ರವಾಗಿ ಕಟ್ಟಿಬಿಡುತ್ತಾರೆ. ಆಗ ಕಾರು ಪರದೆಯ ನಡುವೆ ಮೊಳೆ ಹೊಡೆದಂತೆ ನಿಂತಿರುತ್ತದೆ. ರಸ್ತೆ, ಮರಗಳಷ್ಟೇ ಹಿಂದಕ್ಕೆ ಜಾರುತ್ತವೆ. ಅದರ ನುಗ್ಗಾಟವೇ ಮಾಯ! ಕಾರು ಹಳ್ಳಕ್ಕಿಳಿದರೆ ಕ್ಯಾಮೆರಾ ಕೂಡ ಕುಲುಕುವುದರಿಂದ, ಕಾರಿನ ಬದಲು ಭೂಮಿಯೇ ಅಲ್ಲಾಡಿದಂತೆ ತೋರುತ್ತದೆ.

ಬಲ್ಲವರು ಕಟ್ಟನ್ನು ಸಡಿಲಿಸುತ್ತಾರೆ. ಕ್ಯಾಮೆರಾ ಪ್ರತಿ ಕ್ಷಣದಲ್ಲಿಯೂ ಉಳಿದ ದೂರದ ಒಂದಂಶವನ್ನು ಮಾತ್ರ ಕ್ರಮಿಸುವಂತೆ ಗೊತ್ತುಮಾಡಿದರೆ, ಕಾರು ಹಠಾತ್ತನೆ ಮುನ್ನುಗ್ಗಿದಾಗ ಅದು ತುಸು ಹಿಂದೆ ಬಿದ್ದು, ಮತ್ತೆ ಮೆಲ್ಲನೆ ಸಮೀಪಿಸುತ್ತದೆ. ಆ ಹಿಂದೆ ಬೀಳುವಿಕೆಯಲ್ಲಿಯೇ ವೇಗ ತಿಳಿಯುವುದು. ಗುರಿಯನ್ನೂ ಕಾರಿನ ಮೇಲಿಡದೆ ಅದರ ಮುಂದೆ ಕೊಂಚ ದೂರಕ್ಕಿಡುವುದು ಲೇಸು. ಓಡುವವನಿಗೆ ಓಡಲು ಜಾಗ ಉಳಿಯುತ್ತದೆ. ಸಿನಿಮಾದವರ ಹಳೆಯ ಪಾಠವಿದು. ಸಡಿಲಿಕೆ ಅತಿಯಾಯಿತೋ, ತಿರುವಿನಲ್ಲಿ ಕಾರೇ ಚೌಕಟ್ಟಿನಿಂದ ಜಾರಿಹೋಗುತ್ತದೆ, ಇಲ್ಲವೇ ನಡುವೆ ಗೋಡೆ ಬಂದು ಪರದೆಯನ್ನು ತುಂಬುತ್ತದೆ.

ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದನ್ನು ಯಂತ್ರ ಹೇಳಲಾರದು. ಮನೆಯ ಹುಡುಗನೋ ಹುಡುಗಿಯೋ ಹತ್ತು ಸೆಕೆಂಡಿನ ಒಂದೇ ಓಟವನ್ನು ಇಪ್ಪತ್ತು ಬಾರಿ ನಡೆಸಿ ನೋಡುತ್ತಿದ್ದರೆ, ಅಳೆಯುತ್ತಿರುವುದು ಇದನ್ನೇ. ಓದುಗರು ಒಮ್ಮೆ ಪಕ್ಕದಲ್ಲಿ ಕುಳಿತು, ಯಾವ ಕಟ್ಟನ್ನು ಆರಿಸಿದೆ, ಏಕೆ ಎಂದು ಕೇಳಿನೋಡಲಿ.